ಟಿಬಿ ಗೈಡ್‌ಲೈನ್ ಪಾಲಿಸದ ಪ್ರೈವೇಟ್ ಡಾಕ್ಟರ್‌ಗೆ ಶಿಕ್ಷೆ ಆಗ್ಬೇಕಾ?

ಪರ

ಎರಡು ವಾರ ಕೆಮ್ಮಿದ್ರೆ ಕಫ ಟೆಸ್ಟ್ ಮಾಡಿಸ್ಬೇಕು, ಇಷ್ಟೇ ರೂಲ್ಸು. ಆದ್ರೆ ಬೆಂಗಳೂರಿನ ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಳು ಕೆಲ್ಸ ಬಿಟ್ಮೇಲೆ ಹೋಗೋದು ಮನೆ ಹತ್ರದ ಕ್ಲಿನಿಕ್‌ಗೆ, ಎಷ್ಟೋ ಕಡೆ ಅಲ್ಲಿ ಸಿಗೋದು ಒಂದು ಸಿರಪ್ಪು, ಐದು ದಿನಕ್ಕೆ ಲಿವೋಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯಾಟಿಕ್. ನಂಗೆ ಸಿಟ್ಟು ಬರೋದೇ ಈ ಮಾತ್ರೆ ನೋಡಿ. ಅದು ಟಿಬಿ ಕ್ರಿಮಿ ಮೇಲೂ ಕೆಲ್ಸ ಮಾಡುತ್ತೆ, ಹಂಗಾಗಿ ಕೆಮ್ಮು ಸ್ವಲ್ಪ ಇಳಿಯುತ್ತೆ, ವಾಸಿಯಾಯ್ತು ಅಂತ ಸುಮ್ನಾಗ್ತಾರೆ, ಆಮೇಲೆ ಮತ್ತೆ ಶುರು, ಅಷ್ಟೊತ್ತಿಗೆ ಒಂದೇ ರೂಮಲ್ಲಿ ಜೊತೆಗೆ ಮಲ್ಗೋ ಮಕ್ಳಿಗೂ ಅಂಟಿರ್ಬಹುದು. ಬೇರೆ ಔಷಧಿಗೆ ಜಗ್ಗದ ಟಿಬಿಗೆ ಅಂತ ಇಟ್ಕೊಂಡಿರೋ ಮಾತ್ರೆ ಅದು, ಮಾಮೂಲಿ ಕೆಮ್ಮಿಗೆ ಹಂಚ್ತಾ ಹೋದ್ರೆ ನಾಳೆ ಅದೂ ಕೆಲ್ಸಕ್ಕೆ ಬರಲ್ಲ.

ಟಿಬಿ ಅಂತ ಗೊತ್ತಾದ್ಮೇಲೂ ಅಷ್ಟೇ. ಡೋಸ್ ಕೊಡೋದು ತೂಕ ನೋಡಿ, 40 ಕೆಜಿ ಇರೋರಿಗೆ ದಿನಾ ಮೂರು ಮಾತ್ರೆ, ಮೊದಲೆರಡು ತಿಂಗಳು ನಾಲ್ಕು ಔಷಧಿ ಸೇರಿರೋದು, ಆಮೇಲೆ ನಾಲ್ಕು ತಿಂಗಳು ಮೂರು ಸೇರಿರೋದು. ತೂಕದ ಮಷೀನ್ ಮೇಲೆ ನಿಲ್ಲಿಸ್ದೇನೇ ಚೀಟಿ ಬರ್ದ್ರೆ ಏನನ್ಬೇಕು?

ಬಳ್ಳಾರಿ ರಸ್ತೇಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರೋ ಊರಿದು, ಇಲ್ಲಿ ಗೊತ್ತಿರ್ಲಿಲ್ಲ ಅನ್ನೋ ನೆಪ ನಡೆಯಲ್ಲ. ಕೇಸ್ ಸಿಕ್ರೆ ಸರ್ಕಾರಕ್ಕೆ ತಿಳಿಸೋದು 2012ರಿಂದ ಕಡ್ಡಾಯ, ತಿಳಿಸ್ದಿದ್ರೆ ಜೈಲು ಅಂತ 2018ರಲ್ಲೇ ಆದೇಶ ಆಗಿದೆ. ಅದನ್ನ ಟೆಸ್ಟು, ಡೋಸಿಗೂ ವಿಸ್ತರಿಸ್ಲಿ.

ವಿರೋಧ

ಕೋಪ ಸರಿ, ಆದ್ರೆ ಜೈಲು ಅಂದ ತಕ್ಷಣ ಆ ಡಾಕ್ಟ್ರು ಮಾಡೋದೇನು ಅಂತ ಯೋಚ್ನೆ ಮಾಡಿ. ಟಿಬಿ ಅಂತ ಚೀಟೀಲಿ ಬರೆಯೋದೇ ಬಿಡ್ತಾರೆ, "ದೊಡ್ಡಾಸ್ಪತ್ರೆಗೆ ಹೋಗಮ್ಮ" ಅಂತ ಸಾಗಹಾಕ್ತಾರೆ. ಅರ್ಧ ದಿನ ರಜಾ ಹಾಕಿದ್ರೆ ಸಂಬಳ ಕಟ್ ಆಗೋ ಹೆಂಗಸು ಅಲ್ಲಿಗೆ ಹೋಗ್ತಾಳೆ ಅನ್ನೋ ಗ್ಯಾರಂಟಿ ಏನು? ಹಿಂಗೇ ಪೇಷೆಂಟ್ ಕೈತಪ್ಪಿ ಹೋಗೋದು. ಎಷ್ಟೋ ಸಲ ಮನೆಯವ್ರೇ ಬೇಡ್ಕೋತಾರೆ, "ಸಾರ್, ಸರ್ಕಾರದ ಕಂಪ್ಯೂಟರ್‌ಗೆ ಹೆಸರು ಹಾಕ್ಬೇಡಿ, ಮಗಳ ಮದ್ವೆ ಇದೆ, ಓನರ್‌ಗೆ ಗೊತ್ತಾದ್ರೆ ಮನೆ ಖಾಲಿ ಮಾಡಿಸ್ತಾರೆ" ಅಂತ. ಅವರ ಭಯ ಸುಳ್ಳಲ್ಲ.

ಇನ್ನು ಸರ್ಕಾರದ ವಿಷ್ಯ. 2024ರಲ್ಲಿ ಟಿಬಿ ಮಾತ್ರೆಗೇ ಕೊರತೆ ಬಂದು, ಲೋಕಲ್ಲಾಗಿ ಕೊಂಡ್ಕೊಳ್ಳಿ ಅಂತ ಕೇಂದ್ರ ರಾಜ್ಯಗಳಿಗೆ ಹೇಳ್ತು. ಒಂದು ದಿನಾನೂ ತಪ್ಪಿಸ್ಬೇಡಿ ಅನ್ನೋ ಗೈಡ್‌ಲೈನ್ ಮುರಿದಿದ್ದು ಆವಾಗ ಯಾರು? ಚೀಟಿ ಇಲ್ದೇನೇ ಆ್ಯಂಟಿಬಯಾಟಿಕ್ ಕೊಡೋ ಮೆಡಿಕಲ್ ಶಾಪ್‌ಗಳನ್ನಂತೂ ಯಾರೂ ಕೇಳಲ್ಲ.

ನಂಗೆ ಬೇಕಾಗಿರೋದು ಇದು. ಕ್ಲಿನಿಕ್ಕಲ್ಲೇ ಕಫದ ಡಬ್ಬಿ ಇರ್ಲಿ, ಬೆಳಿಗ್ಗೆ ಕಫ ಹಿಡ್ಕೊಂಡು ಡಬ್ಬಿ ಅಲ್ಲಿ ಕೊಟ್ಟು ಕೆಲ್ಸಕ್ಕೆ ಹೋಗೋ ಹಾಗಿರ್ಲಿ, ಪಿಎಚ್‌ಸಿಯವ್ರು ಬಂದು ತಗೊಂಡು ಹೋಗಿ ಟ್ರೂನಾಟ್ ಅನ್ನೋ ಟಿಬಿ ಟೆಸ್ಟ್ ಮಾಡ್ಸಿ, ರಿಸಲ್ಟ್ ಡಾಕ್ಟ್ರ ಫೋನ್‌ಗೇ ಕಳಿಸ್ಲಿ. ಕೇಸ್ ತಿಳಿಸಿದ ಡಾಕ್ಟ್ರಿಗೆ 500 ರೂಪಾಯಿ ಅಂತ ಸರ್ಕಾರವೇ ಇಟ್ಟಿದೆ, ಅದು ಅಲೆದಾಡಿಸ್ದೇ ಬರ್ಲಿ. ಇಷ್ಟೆಲ್ಲ ಕೊಟ್ಟ ಮೇಲೂ ಟೆಸ್ಟ್ ಮಾಡಿಸದವ್ರ ಮೇಲೆ ಕೇಸ್ ಹಾಕಿ, ನಾನು ಅಡ್ಡ ಬರಲ್ಲ.