ಆರೂವರೆ ಇಂಚಿನ ಶಿಸ್ತು

ನನ್ನ ಅಕ್ಕನ ಮಗ ಈಚೆಗೆ ಒಂದು ಹಳೆಯ ಕಾರು ಕೊಂಡ. ಕೊಂಡ ಮೂರನೆಯ ದಿನಕ್ಕೆ ಅದರ ಸ್ಪೀಕರುಗಳ ಮೇಲೆ ಅವನಿಗೆ ಜಿಗುಪ್ಸೆ ಹುಟ್ಟಿತು. “ಮಾವ, ಇವು ಹಾಡುವುದಿಲ್ಲ, ನೆಗಡಿಯಾದವರಂತೆ ಗೊಣಗುತ್ತವೆ” ಎಂದ. ಎಂಜಿನ್ ಗೊಣಗಿದರೆ ಅವನಿಗೆ ಅಡ್ಡಿಯಿಲ್ಲ, ಹಾಡು ಗೊಣಗಬಾರದು. ಹಾಗಾಗಿ ಒಂದು ಭಾನುವಾರ, ಬಳ್ಳಾರಿಯ ಬಿಸಿಲು ಕಾರಿನ ಬಾಗಿಲನ್ನು ರೊಟ್ಟಿಯ ಹಂಚು ಮಾಡುವ ಮೊದಲೇ, ಕೌಲ್ ಬಜಾರಿನ ಕಡೆಯ ಒಂದು ಪುಟ್ಟ ಅಂಗಡಿಗೆ ಹೋದೆವು. ಅಂಗಡಿಯವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ನನ್ನನ್ನು ಕರೆದೊಯ್ದದ್ದು ಹಣ ಕೊಡುವುದಕ್ಕೆ. ಆದರೆ ಅಲ್ಲಿ ಸ್ಟೂಲಿನ ಮೇಲೆ ಕೂತು ಸಂಜೆಯವರೆಗೆ ನಾನು ನೋಡಿದ್ದು ಈ ಊರಿನಲ್ಲಿ ಅಪರೂಪವಾದ ದೃಶ್ಯ: ಒಂದು ತೂತಿಗೆ ಸರಿಯಾಗಿ ಹೊಂದುವ ವಸ್ತುವನ್ನೇ ಕೂರಿಸಬೇಕು ಎಂದು ಒಬ್ಬ ಮನುಷ್ಯ ಹಟ ಹಿಡಿದಿದ್ದ.

ಇದರಲ್ಲಿ ಹಟ ಹಿಡಿಯುವಂಥದ್ದೇನಿದೆ ಎಂದು ನಾನೂ ಅಂದುಕೊಂಡಿದ್ದೆ. ಹಳೆಯದು ಆರೂವರೆ ಇಂಚು, ಹೊಸದೂ ಆರೂವರೆ ಇಂಚು. ಅದನ್ನು ತೆಗೆ, ಇದನ್ನು ಇಡು, ಸ್ಕ್ರೂ ಬಿಗಿ. ಡಬ್ಬದ ಮೇಲಿನ ಆರೂವರೆ ಎಂಬುದು ಮನೆತನದ ಹೆಸರಷ್ಟೇ, ಅಳತೆಯಲ್ಲ ಎಂಬುದು ಹತ್ತು ನಿಮಿಷದಲ್ಲಿ ತಿಳಿಯಿತು. ಒಂದು ಕಂಪನಿ ಮೂರು ಸ್ಕ್ರೂ ತೂತು ಕೊಟ್ಟಿದ್ದರೆ ಇನ್ನೊಂದು ನಾಲ್ಕು ಕೊಟ್ಟಿರುತ್ತದೆ. ಮತ್ತೊಂದು ಸ್ಕ್ರೂವಿನ ಗೊಡವೆಯೇ ಬೇಡವೆಂದು ರಿವೆಟ್ ಹೊಡೆದಿರುತ್ತದೆ. ಈ ಕಾರಿನ ಸ್ಪೀಕರ್ ತನ್ನ ಪ್ಲಾಸ್ಟಿಕ್ ಚೌಕಟ್ಟಿನೊಂದಿಗೇ ಹುಟ್ಟಿದ್ದು. ಅದನ್ನು ಬಿಚ್ಚಿದ ಮೇಲೆ ಬಾಗಿಲಿನಲ್ಲಿ ಉಳಿದದ್ದು ದೊಡ್ಡದೊಂದು ಬಾಯಿ. ಹೊಸ ಸ್ಪೀಕರ್ ಅದರೊಳಗೆ ಬಿದ್ದೇ ಹೋಗುತ್ತಿತ್ತು. ನಡುವೆ ಒಂದು ರಿಂಗ್ ಬೇಕು. ಹೊರ ಅಂಚು ಬಾಗಿಲಿನ ಮಾತು ಕೇಳಬೇಕು, ಒಳ ಅಂಚು ಸ್ಪೀಕರಿನ ಮಾತು ಕೇಳಬೇಕು.

“ಎಂಡಿಎಫ್ ಎಂಬ ಒತ್ತಿದ ಮರದ ಹಲಗೆಯಲ್ಲಿ ಕೊರೆದರೆ ಅಗ್ಗ, ಆದರೆ ನೀರು ಕುಡಿದು ಉಬ್ಬುತ್ತದೆ” ಎಂದು ಉಸ್ತಾದ್ ಪ್ಲಾಸ್ಟಿಕ್ಕಿನ ರಿಂಗ್ ತೆಗೆದರು. ಕೂರಿಸುವ ಮೊದಲು ಅಳಿಯನಿಗೆ ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಲು ಹೇಳಿದರು. ಸ್ಪೀಕರಿನ ಬೆನ್ನಿಗಿರುವ ಅಯಸ್ಕಾಂತಕ್ಕೂ ಇಳಿದು ಬರುವ ಗಾಜಿಗೂ ನಡುವೆ ಬೆರಳಿನಷ್ಟಾದರೂ ಜಾಗ ಉಳಿಯಬೇಕಂತೆ. ಮೊದಲು ಕೂರಿಸಿ ಆಮೇಲೆ ಗಾಜು ಇಳಿಸಿ ನೋಡುವವರು ಇದ್ದಾರೆಯೇ ಎಂದು ಕೇಳಿದೆ. “ಇದ್ದಾರೆ ಸರ್. ಅವರ ಗಾಜನ್ನೂ ನಾವೇ ಬದಲಾಯಿಸುತ್ತೇವೆ” ಎಂದರು.

ಮುಂದೆ ಏನಾಗುತ್ತದೆ ಎಂದು ಕೆಲಸಕ್ಕೆ ಮೊದಲೇ ಯೋಚಿಸುವುದು. ನನಗೆ ಮೈ ಜುಮ್ಮೆಂದಿತು.

ನಮ್ಮ ಬಡಾವಣೆಯ ರಸ್ತೆಯಲ್ಲಿ ಇದು ನಡೆಯುವ ಕ್ರಮವೇ ಬೇರೆ. ಮೊದಲು ಗುದ್ದಲಿ ಪೂಜೆ. ಆಮೇಲೆ ಡಾಂಬರು. ಡಾಂಬರಿನ ಬಿಸಿ ಆರುವ ಮೊದಲೇ ಪೈಪಿನವರ ನೆನಪು. ಅವರು ಅಗೆದು ಹೋದ ಮೇಲೆ ಕೇಬಲಿನವರು. ಎಲ್ಲ ಮುಗಿದ ಮೇಲೆ ಇನ್ನೊಂದು ಪದರ ಡಾಂಬರು ಬೀಳುತ್ತದೆ, ರಸ್ತೆ ಎರಡು ಇಂಚು ಮೇಲೇರುತ್ತದೆ, ಮ್ಯಾನ್‌ಹೋಲಿನ ಮುಚ್ಚಳ ಮಾತ್ರ ಹಿಂದಿನ ಸರ್ಕಾರದ ಮಟ್ಟದಲ್ಲೇ ಉಳಿಯುತ್ತದೆ. ಅದನ್ನು ಮೇಲೆತ್ತಲು ಬೇಕಾದದ್ದು ಒಂದು ರಿಂಗ್. ಅದೇ, ಉಸ್ತಾದರ ಕೈಯಲ್ಲಿತ್ತಲ್ಲ, ಅಂಥದ್ದೇ, ಸ್ವಲ್ಪ ದೊಡ್ಡದು. ಕಾಂಕ್ರೀಟಿನ ಮುಚ್ಚಳಕ್ಕೂ ಅದರ ಚೌಕಟ್ಟಿಗೂ ಸರ್ಕಾರಿ ಮಾನಕವೇ ಇದೆ, ಐಎಸ್ 12592. ಅತಿ ಭಾರೀ ವಾಹನ ಓಡಾಡುವ ರಸ್ತೆಗೆ 35 ಟನ್ ತಾಳುವ ಮುಚ್ಚಳವನ್ನೇ ಅದು ಬೇರೆ ಮಾಡಿ ಹೇಳಿದೆ. ನಮ್ಮದು ಯಾವ ದರ್ಜೆಯದೋ ಗೊತ್ತಿಲ್ಲ. ಸ್ಕೂಟರ್ ಹಾಯ್ದರೆ ತಬಲಾ, ಕಾರು ಹಾಯ್ದರೆ ಮೃದಂಗ, ಲಾರಿ ಹಾಯ್ದರೆ ಡೊಳ್ಳು.

ಉಸ್ತಾದ್ ಈಗ ಬಾಗಿಲಿನ ಒಳಗಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಸರಿಸುತ್ತಿದ್ದರು. ಮಳೆ ಬಂದರೆ ಗಾಜಿನ ಮೇಲಿನ ನೀರು ಬಾಗಿಲಿನೊಳಕ್ಕೇ ಇಳಿಯುತ್ತದೆ. ಈ ಹಾಳೆ ಅದನ್ನು ಕಾರಿನೊಳಗೆ ಬಿಡುವುದಿಲ್ಲ. ಬಾಗಿಲಿನ ಬುಡದಲ್ಲಿರುವ ಸಣ್ಣ ತೂತುಗಳಿಂದ ನೀರು ಹೊರಗೆ ಹೋಗುತ್ತದೆ. ಅಂದರೆ ಕಾರಿನ ಬಾಗಿಲಿಗೆ ಚರಂಡಿ ವ್ಯವಸ್ಥೆ ಇದೆ! ಅದೂ ಹರಿಯುವ ಚರಂಡಿ. ಎರಡಡಿ ಎತ್ತರದ ಬಾಗಿಲು, ವರ್ಷಕ್ಕೆ ಬೆರಳೆಣಿಕೆಯ ಮಳೆಯ ಊರು. ಅಲ್ಲಿಯೂ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಅವರನ್ನು ಒಂದು ವಾರದ ಮಟ್ಟಿಗೆ ಎರವಲು ತರಲು ಸಾಧ್ಯವೇ ಎಂದು ಯೋಚಿಸುತ್ತಿದ್ದೇನೆ.

ಆಮೇಲೆ ತಂತಿ. ಕಂಪನಿಯ ತಂತಿಯನ್ನು ಕತ್ತರಿಸದೆ, ಕಪ್ಲರಿಗೆ ಕಪ್ಲರ್ ಸಿಕ್ಕಿಸಿದರು. ಕತ್ತರಿಸಿ ಟೇಪ್ ಸುತ್ತುವುದು ಐದು ನಿಮಿಷದ ಕೆಲಸ, ಅದರ ದೋಷವನ್ನು ಆಮೇಲೆ ಹುಡುಕುವುದು ಐದು ಗಂಟೆಯ ಕೆಲಸ ಎಂಬುದು ಅವರ ಸಿದ್ಧಾಂತ. ನಮ್ಮ ಬೀದಿಯ ಕಂಬಗಳನ್ನು ಅವರು ತಲೆಯೆತ್ತಿ ನೋಡಿಲ್ಲವೆಂದು ಕಾಣುತ್ತದೆ. ಕೊನೆಗೆ ಗಡಿಯಾರದ ಸೆಲ್ ಒಂದನ್ನು ತಂತಿಗೆ ಮುಟ್ಟಿಸಿ, ಸ್ಪೀಕರಿನ ಪೊರೆ ಹೊರಕ್ಕೆ ನೆಗೆಯುತ್ತದೆಯೋ ಒಳಕ್ಕೆ ಸರಿಯುತ್ತದೆಯೋ ನೋಡಿದರು. ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಬಾಗಿಲಿನ ಸ್ಪೀಕರ್ ಗಾಳಿಯನ್ನು ತಳ್ಳುವಾಗ ಎದುರಿನದು ಎಳೆದುಕೊಳ್ಳುತ್ತದೆ. ಎರಡೂ ಪೂರ್ತಿ ಶ್ರಮಪಡುತ್ತವೆ, ಎರಡೂ ಬಿಸಿಯಾಗುತ್ತವೆ, ಬೇಸ್ ಎಂಬ ತಗ್ಗಿನ ನಾದ ಮಾತ್ರ ಮಾಯ. “ಯಾವುದೂ ಕೆಟ್ಟಿಲ್ಲ ಸರ್, ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುತ್ತಿವೆ ಅಷ್ಟೆ” ಎಂದರು. ರಸ್ತೆ ಹಾಕುವವರು, ರಸ್ತೆ ಅಗೆಯುವವರು ಇಬ್ಬರೂ ನನ್ನ ಕಣ್ಣ ಮುಂದೆ ಬಂದು ಹೋದರು. ಇಬ್ಬರೂ ಪಾಪ ಕೆಲಸಗಳ್ಳರಲ್ಲ.

ನಾನು ಸಿನಿಕನಲ್ಲ. ಈ ಊರಿನಲ್ಲೂ ಸಾರ್ವಜನಿಕವಾಗಿ ಒಂದು ವಸ್ತು ಇನ್ನೊಂದಕ್ಕೆ ಸರಿಯಾಗಿ ಹೊಂದಿದ ಉದಾಹರಣೆ ಇದೆ. ನಾವು ಬಾಯಲ್ಲಿ ಬಳ್ಳಾರಿ ಎನ್ನುತ್ತಿದ್ದೆವು, ಇಂಗ್ಲಿಷಿನ ಫಲಕ ಬೆಲ್ಲಾರಿ ಎನ್ನುತ್ತಿತ್ತು. 2014ರ ನವೆಂಬರ್ 1ರಂದು ಫಲಕವನ್ನು ಬಾಯಿಗೆ ಹೊಂದಿಸಿದರು. ಸ್ಕ್ರೂ ತೂತು ಸರಿಯಾಗಿ ಕೂತಿತು. 2021ರಲ್ಲಿ ಜಿಲ್ಲೆಯನ್ನೇ ಬಿಚ್ಚಿ ಎರಡು ಮಾಡಿದಾಗ ಅಷ್ಟು ಚೆನ್ನಾಗಿ ಕೂರಲಿಲ್ಲ: ಹಂಪಿ ವಿಜಯನಗರ ಜಿಲ್ಲೆಗೆ ಹೋಯಿತು, ಸಂಡೂರು ಅದಿರಿನ ಸಮೇತ ನಮ್ಮ ಪಾಲಿಗೆ ಉಳಿಯಿತು. ಪ್ರವಾಸಿಗರು ಅವರಿಗೆ, ಲಾರಿಗಳು ನಮಗೆ.

ಕೊನೆಯ ಕೆಲಸ ಡ್ಯಾಂಪಿಂಗ್ ಶೀಟ್. ಒಂದು ಕಡೆ ಬೆಳ್ಳಿಯ ಬಣ್ಣ, ಇನ್ನೊಂದು ಕಡೆ ಕಪ್ಪು ಅಂಟು. ಬಾಗಿಲಿನ ತಗಡಿಗೆ ಇದನ್ನು ಒತ್ತಿ ಅಂಟಿಸಿದರೆ ತಗಡು ನಡುಗುವುದು ನಿಲ್ಲುತ್ತದೆ. ಸ್ಪೀಕರಿಗಿಂತ ಇದಕ್ಕೇ ಹೆಚ್ಚು ದುಡ್ಡು ಆಯಿತು. “ಊರಿಗೆ ತಕ್ಕಂತೆ ಹಾಕಬೇಕು ಸರ್” ಎಂದು ಉಸ್ತಾದ್ ಮೃದುವಾಗಿ ಹೇಳಿದರು. ಮನೆ ತೆರಿಗೆಯ ಜೊತೆಗೆ ನಾನು ಬಾಗಿಲಿನ ತೆರಿಗೆಯನ್ನೂ ಕಟ್ಟಿದ್ದು ಹೀಗೆ. ರಸ್ತೆ ನಡುಗಿಸುತ್ತದೆ, ನಾವು ತಗಡಿಗೆ ಅಂಟು ಹಚ್ಚುತ್ತೇವೆ. ಧೂಳಿಗೆ ಗಾಜು ಏರಿಸುತ್ತೇವೆ, ಗಾಜು ಏರಿಸಿದ್ದಕ್ಕೆ ಏಸಿ ಹಾಕುತ್ತೇವೆ, ಏಸಿಯ ಸದ್ದಿಗೆ ಹಾಡಿನ ಸದ್ದು ಏರಿಸುತ್ತೇವೆ, ಹಾಡಿನಲ್ಲಿ ಮುಳುಗಿದ ನಮಗೆ ಕೇಳಲೆಂದು ಹೊರಗಿನವರು ಹಾರ್ನ್ ಒತ್ತುತ್ತಾರೆ.

ಸಂಜೆ ಹೊಸ ಹಾಡಿನೊಂದಿಗೆ ಮೆರವಣಿಗೆಯಂತೆ ಮನೆಗೆ ಹೊರಟೆವು. ವೂಫರ್ ಎದೆಗೆ ಗುದ್ದುತ್ತಿತ್ತು, ಟ್ವೀಟರ್ ಕಿವಿಯಲ್ಲಿ ಗೆಜ್ಜೆ ಕಟ್ಟಿತ್ತು. ನಮ್ಮ ಬೀದಿಗೆ ತಿರುಗಿದ್ದೇ ತಡ, ಹಿಂದಿನ ಎಡಬಾಗಿಲಿನಿಂದ ಗಡಗಡ ಎಂಬ ಸದ್ದು. ಅಳಿಯ ಕಾರು ನಿಲ್ಲಿಸಿ ಹಣೆ ಚಚ್ಚಿಕೊಂಡ.

ಮುಂದಿನ ಭಾನುವಾರ ಉಸ್ತಾದ್ ತಾವೇ ಬಂದರು. ಬಾಗಿಲಿನ ಪ್ಯಾಡಿಗೆ ಅಂಗೈ ಒತ್ತಿದರು, ಕ್ಲಿಪ್ಪುಗಳನ್ನು ಎಣಿಸಿದರು, ಹಿಂದಿನ ಸೀಟಿನಲ್ಲಿ ಕೂತು ಬೀದಿಯಲ್ಲಿ ಎರಡು ಸಲ ಹೋಗಿ ಬಂದರು. “ಬಾಗಿಲು ಸರಿಯಾಗಿದೆ. ಸದ್ದು ಹೊರಗಿನದು” ಎಂದು ಇಳಿದು, ಮ್ಯಾನ್‌ಹೋಲಿನ ಮುಚ್ಚಳವನ್ನು ಕಾಲಿನಿಂದ ಅಲುಗಾಡಿಸಿದರು. ಅದು ಗಡಗಡ ಎಂದಿತು. ಕೆಲಸ ಸರಿಯಿಲ್ಲ ಎನ್ನಿಸಿಕೊಳ್ಳುವುದು ಅವರಿಗೆ ಸಹಿಸದ ಮಾತು. ಆ ಕೆಲಸ ಅವರದಲ್ಲದಿದ್ದರೂ. ಚೀಲದಿಂದ ರಬ್ಬರಿನ ಪಟ್ಟಿ ತೆಗೆದು, ನಾವಿಬ್ಬರೂ ಹಾರೆಯಿಂದ ಮುಚ್ಚಳ ಎತ್ತಿ ಹಿಡಿದಾಗ ಚೌಕಟ್ಟಿನ ಸುತ್ತ ಅಂಟಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ಕುಡಿದರು.

ವಸತಿ ಪ್ರದೇಶದಲ್ಲಿ ರಾತ್ರಿಯ ಹೊತ್ತು ಶಬ್ದ 45 ಡೆಸಿಬೆಲ್ ಮೀರಬಾರದು ಎಂದು 2000ನೇ ಇಸವಿಯ ನಿಯಮ ಹೇಳುತ್ತದೆ. ನಮ್ಮ ಬೀದಿ ಎಂಟು ದಿನ ಆ ಆಸೆಗೆ ಹತ್ತಿರದಲ್ಲಿತ್ತು. ಎದುರು ಮನೆಯ ಅಜ್ಜ ನಿದ್ದೆ ಹತ್ತಿತೆಂದು ನಮ್ಮ ಮನೆಗೆ ಬಂದು ಹೇಳಿ ಹೋದರು.

ಒಂಬತ್ತನೆಯ ದಿನ ಸಂಬಂಧಪಟ್ಟವರು ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಸಾರ್ವಜನಿಕ ಆಸ್ತಿಗೆ ಅನುಮತಿಯಿಲ್ಲದೆ ರಬ್ಬರ್ ಅಂಟಿಸಿದವರು ಯಾರೆಂದು ಮನೆಮನೆಗೆ ವಿಚಾರಿಸಿದರು. ಯಾರೂ ಹೇಳಲಿಲ್ಲ. ಪಟ್ಟಿಯನ್ನು ಕಿತ್ತು, ಸುತ್ತಿ, ಪುರಾವೆಗೆಂದು ಒಯ್ದರು. ಅದೇ ರಾತ್ರಿ ಎರಡು ಗಂಟೆಗೆ ಅದಿರಿನ ಲಾರಿಯೊಂದು ದಾರಿ ತಪ್ಪಿ ನಮ್ಮ ಬೀದಿಗೆ ಬಂತು.