ಘೋರ ಅಪರಾಧಕ್ಕೆ ಶಿಕ್ಷೆಯಾದವರಿಗೆ ವೋಟು ಇರಬೇಕಾ?

2024ರ ಮೇ 7ರಂದು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಲೋಕಸಭೆಗೆ ಮತದಾನ ಇತ್ತು. ಗುಳೆ ಹೋದವರೂ ವೋಟಿಗೆ ಅಂತ ಊರಿಗೆ ಬಂದಿದ್ದರು. 85 ದಾಟಿದ ಅಜ್ಜ-ಅಜ್ಜಿಯರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ಬಳ್ಳಾರಿ ಕೇಂದ್ರ ಕಾರಾಗೃಹದ ಒಳಗಿದ್ದವರಿಗೆ ಮಾತ್ರ ಅದು ಮತದಾನದ ದಿನವೇ ಆಗಿರಲಿಲ್ಲ. ಐದು ತಿಂಗಳ ನಂತರ, ಅಕ್ಟೋಬರ್ 24ಕ್ಕೆ, ಕೊಪ್ಪಳದ ಕೋರ್ಟು, ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟ ಮರಕುಂಬಿ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎರಡೂ ಕಡೆಯ ಮಾತನ್ನು ಬರೆಯುತ್ತೇನೆ. ಎರಡೂ ನನ್ನವೇ.

ಪರ: ಗೋಡೆ ನೋಡಿ ವೋಟು ಕೊಡಬೇಡಿ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಜೈಲಿನಲ್ಲಿ ಇರುವವರು ಮತ ಹಾಕುವಂತಿಲ್ಲ. ಪೊಲೀಸ್ ವಶದಲ್ಲಿ ಇರುವವರೂ ಹಾಕುವಂತಿಲ್ಲ. ಕೊಲೆ ಮಾಡಿದವನು, ಕುರಿ ಕದ್ದವನು, ಇನ್ನೂ ವಿಚಾರಣೆಯೇ ಮುಗಿಯದವನು, ಎಲ್ಲರೂ ಅಲ್ಲಿ ಒಂದೇ. ಆ ಕಲಮಿನಲ್ಲಿ ಕರಿನೀರ ಶಿಕ್ಷೆಯ ಮಾತೂ ಇದೆ. ಆ ಶಿಕ್ಷೆಯನ್ನು ನಾವು 1950ರ ದಶಕದಲ್ಲೇ ಕೈಬಿಟ್ಟೆವು. ಅಷ್ಟು ಹಳೆಯ ಯೋಚನೆ ಇದು.

ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ವಿಚಾರಣಾಧೀನ ಕೈದಿಗಳು. ಅವರಲ್ಲಿ ಎಷ್ಟೋ ಮಂದಿಗೆ ಜಾಮೀನು ಮಂಜೂರಾದರೂ ಹೊರಗೆ ಬರೋಕೆ ಆಗುವುದಿಲ್ಲ. ಯಾಕಂದ್ರೆ ಜಾಮೀನುದಾರ ಬೇಕು, ಅವನ ಹೆಸರಿನಲ್ಲಿ ಪಹಣಿ ಬೇಕು. ವರ್ಷಕ್ಕೆ ಆರು ತಿಂಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವ ಮನೆತನಕ್ಕೆ ಯಾರು ಪಹಣಿ ತಂದು ನಿಲ್ಲುತ್ತಾರೆ ಹೇಳಿ? ಅವನು ಒಳಗೇ ಉಳಿಯುತ್ತಾನೆ, ಅವನ ವೋಟೂ ಹೋಗುತ್ತದೆ. ಅದೇ, ಜೀವಾವಧಿ ಶಿಕ್ಷೆಯೇ ಆಗಿದ್ದರೂ ಮೇಲಿನ ಕೋರ್ಟಿನಲ್ಲಿ ಜಾಮೀನು ಸಿಕ್ಕಿ ಹೊರಗಿದ್ದವನು ಮತಗಟ್ಟೆಗೆ ಹೋಗಬಹುದು. ಅಂದರೆ ಕಾನೂನು ಇಲ್ಲಿ ಅಪರಾಧವನ್ನು ಅಳೆಯುತ್ತಿಲ್ಲ. ಗೋಡೆಯ ಯಾವ ಕಡೆ ಇದ್ದೀಯ ಅಂತ ಮಾತ್ರ ಕೇಳುತ್ತಿದೆ.

1997ರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಕೈದಿಗಳಿಂದ ಮತ ಹಾಕಿಸಲು ಜಾಸ್ತಿ ಪೊಲೀಸರು ಬೇಕಾಗುತ್ತದೆ ಎನ್ನುವುದು ಒಂದು ಕಾರಣ. ತಮ್ಮ ನಡತೆಯಿಂದಲೇ ಒಳಗೆ ಹೋದವರು ಹೊರಗಿನವರ ಸಮಾನ ಹಕ್ಕು ಕೇಳಲಾರರು ಎನ್ನುವುದು ಇನ್ನೊಂದು. ಮೊದಲ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ಮುಂದೆ ಅಪರಾಧ ಮಾಡಬಹುದು ಎಂದು ಮುನ್ನೆಚ್ಚರಿಕೆ ಬಂಧನದಲ್ಲಿ ಇಟ್ಟವರಿಗೆ ಇದೇ ಕಾನೂನು ಅಂಚೆ ಮತ ಕೊಟ್ಟಿದೆ. ಗೂಂಡಾ ಕಾಯ್ದೆಯಡಿ ಒಳಗಿರುವವನಿಗೆ ಮತಪತ್ರ ಹೋಗಬಹುದಾದರೆ, ಪಕ್ಕದ ಬ್ಯಾರಕ್ಕಿಗೂ ಹೋಗಬಹುದು ಅಲ್ವಾ? ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1999ರಲ್ಲಿ, ಕೆನಡಾದ ಸುಪ್ರೀಂ ಕೋರ್ಟು 2002ರಲ್ಲಿ ಕೈದಿಗಳ ಮತದ ಹಕ್ಕನ್ನು ಕಾಪಾಡಿದವು. ಅಲ್ಲಿ ಚುನಾವಣೆ ಏನೂ ನಿಂತುಹೋಗಿಲ್ಲ.

ಎರಡನೇ ಕಾರಣ ಭಾರವಾದದ್ದು. ಆದರೂ ಕೇಳುತ್ತೇನೆ: ಕೋರ್ಟು ಕೊಟ್ಟ ಶಿಕ್ಷೆ ಜೈಲು. ಊರು, ಹೆಂಡತಿ, ಮಕ್ಕಳು, ಹೊಲ ಎಲ್ಲದರಿಂದ ದೂರ ಇರುವುದೇ ಆ ಶಿಕ್ಷೆ. ಅದರ ಜೊತೆಗೆ ವೋಟನ್ನೂ ಯಾಕೆ ಕಿತ್ತುಕೊಳ್ಳಬೇಕು? ಅವನ ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಿರುತ್ತಾಳೆ. ತಾಯಿ ಪಡಿತರ ಅಂಗಡಿಯ ಮುಂದೆ ನಿಂತಿರುತ್ತಾಳೆ. ಪೆರೋಲ್ ನಿಯಮ, ಜೈಲಿನ ಊಟ, ಅಲ್ಲಿ ದುಡಿದದ್ದಕ್ಕೆ ಸಿಗುವ ಕೂಲಿ, ಎಲ್ಲವನ್ನೂ ಸರ್ಕಾರವೇ ತೀರ್ಮಾನಿಸುತ್ತದೆ. ವೋಟಿಲ್ಲದವರ ಹತ್ತಿರ ಯಾವ ಅಭ್ಯರ್ಥಿಯೂ ಬರುವುದಿಲ್ಲ, ಕಷ್ಟ ಕೇಳುವುದಿಲ್ಲ.

ಬಳ್ಳಾರಿಯ ಅಲ್ಲೀಪುರ ಜೈಲನ್ನು ನೆನೆಯದೆ ಈ ಮಾತು ಮುಗಿಯದು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದ ತಮಿಳುನಾಡಿನ ಕಾಂಗ್ರೆಸ್ ನಾಯಕ ಕಾಮರಾಜರು ಅಲ್ಲಿ ಕೈದಿಯಾಗಿದ್ದರು. ಆಗಿನ ಸರ್ಕಾರದ ಲೆಕ್ಕದಲ್ಲಿ ಅವರೂ ಶಿಕ್ಷೆಯಾದ ಅಪರಾಧಿ. 1954ರಲ್ಲಿ ಅವರು ಮದ್ರಾಸಿನ ಮುಖ್ಯಮಂತ್ರಿಯಾದರು. ಯಾರು ಅಪರಾಧಿ ಎಂದು ಹೇಳುವುದು ಅಧಿಕಾರದಲ್ಲಿ ಇರುವವರು. ಆ ಅಧಿಕಾರವನ್ನು ಪ್ರಶ್ನಿಸುವ ವೋಟನ್ನೂ ಅವರೇ ಕಿತ್ತುಕೊಳ್ಳಬಹುದು ಅಂದರೆ ನನಗೆ ಭಯವಾಗುತ್ತದೆ.

ವಿರೋಧ: ಮರಕುಂಬಿಯಲ್ಲಿ ನಿಂತು ನೋಡಿ

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಿನಿಮಾ ಟಿಕೆಟ್ಟಿನ ಜಗಳ ಒಂದು ನೆಪ. ಕ್ಷೌರದ ಅಂಗಡಿಗೆ, ಹೋಟೆಲಿಗೆ ನಮ್ಮನ್ನು ಯಾಕೆ ಬಿಡುವುದಿಲ್ಲ ಎಂದು ದಲಿತರು ಕೇಳಿದ್ದರು, ಅದರ ಸಿಟ್ಟು ಹಿಂದೆ ಇತ್ತು. ಹತ್ತು ವರ್ಷ ಕೇಸು ನಡೆಯಿತು. ಕೋರ್ಟು 101 ಜನರನ್ನು ದೋಷಿಗಳು ಎಂದಿತು. 98 ಜನರಿಗೆ ಜೀವಾವಧಿ, ಮೂವರಿಗೆ 5 ವರ್ಷ. ಕೆಲವೇ ವಾರಗಳಲ್ಲಿ ಧಾರವಾಡದ ಹೈಕೋರ್ಟ್ ಪೀಠ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು.

ವೋಟು ಕೈದಿಯ ಹಕ್ಕು ಎನ್ನುವವರು ಈ ಊರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಲಿ. ನೂರು ವೋಟು ಅಂದರೆ ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿ ಸದಸ್ಯನನ್ನು ಗೆಲ್ಲಿಸುವ, ಸೋಲಿಸುವ ಲೆಕ್ಕ. ಅಷ್ಟು ಜನ ಒಂದೇ ಕಡೆ ಇದ್ದರೆ ಅಭ್ಯರ್ಥಿ ಮೊದಲು ಯಾರ ಬಾಗಿಲಿಗೆ ಹೋಗುತ್ತಾನೆ? ಸುಟ್ಟ ಗುಡಿಸಲಿನವರ ಬಾಗಿಲಿಗೆ ಹೋಗಲು ಅವನಿಗೆ ಧೈರ್ಯ ಇರುತ್ತದಾ? ಒಬ್ಬೊಬ್ಬನೇ ಮಾಡಿದ ಕೊಲೆಯ ಮಾತು ಬೇರೆ. ಜಾತಿ ಸೇರಿ ಮಾಡಿದ ಅಪರಾಧದಲ್ಲಿ ಶಿಕ್ಷೆಯಾದವರೇ ಒಂದು ವೋಟ್ ಬ್ಯಾಂಕು.

ಮತಗಟ್ಟೆಯ ಸಾಲನ್ನೂ ನೆನೆಸಿಕೊಳ್ಳಿ. ಊರ ಶಾಲೆ, ಒಂದೇ ಬಾಗಿಲು. ಗುಡಿಸಲು ಸುಟ್ಟುಹೋದ ಹೆಂಗಸಿನ ಹಿಂದೆಯೇ ಅದಕ್ಕೆ ಬೆಂಕಿ ಇಟ್ಟ ದೋಷಿ ಬಂದು ನಿಂತರೆ? ಅವಳ ವೋಟು ಗುಟ್ಟಿನದು ಎಂದು ಕಾನೂನು ಹೇಳಬಹುದು. ಅವಳ ಬೆನ್ನಿಗೆ ಗೊತ್ತಿರುತ್ತದೆ ಹಿಂದೆ ಯಾರಿದ್ದಾರೆ ಅಂತ.

ಕಾಮರಾಜರ ಮಾತು ಇಲ್ಲಿ ಹೊಂದುವುದಿಲ್ಲ. ಅವರು ಮುರಿದದ್ದು ಪರದೇಶದವರು ಹೇರಿದ ಕಾನೂನು. ಮರಕುಂಬಿಯಲ್ಲಿ ಮುರಿದದ್ದು ನಾವೇ ಬರೆದುಕೊಂಡ ಸಂವಿಧಾನವನ್ನು. ಅದೇ ಸಂವಿಧಾನದ 326ನೇ ವಿಧಿ ಎಲ್ಲ ವಯಸ್ಕರಿಗೂ ವೋಟು ಕೊಟ್ಟಿತು, ಅಪರಾಧದ ಕಾರಣಕ್ಕೆ ಅದನ್ನು ತಡೆಹಿಡಿಯಬಹುದು ಎಂದೂ ಅಲ್ಲೇ ಹೇಳಿತು. ಮತದಾರರಿಗೆ ಲಂಚ ಕೊಟ್ಟು ಅಥವಾ ಕಳ್ಳವೋಟು ಹಾಕಿ ಶಿಕ್ಷೆಯಾದವರು ಜೈಲಿನ ಹೊರಗಿದ್ದರೂ 6 ವರ್ಷ ಮತ ಹಾಕುವಂತಿಲ್ಲ. ಕಳ್ಳವೋಟಿಗೆ 6 ವರ್ಷ. ಮನೆ ಸುಟ್ಟು ಜೀವಾವಧಿಯಾಗಿ ಜಾಮೀನಿನ ಮೇಲೆ ಬಂದವರಿಗೆ ಒಂದು ದಿನವೂ ಇಲ್ಲ. ಇದನ್ನು ನಾನು ಹೇಗೆ ಒಪ್ಪಲಿ?

ಶಿಕ್ಷೆ ಮುಗಿಸಿ ಬಂದವರಿಗೆ ವೋಟು ವಾಪಸ್ ಸಿಗಲೇಬೇಕು. ನಮ್ಮಲ್ಲಿ ಸಿಗುತ್ತದೆ, ಅದು ಸರಿ. ವಿಚಾರಣಾಧೀನರಿಗೂ ಕೊಡಲಿ, ಅಲ್ಲಿ ನನ್ನ ತಕರಾರು ಇಲ್ಲವೇ ಇಲ್ಲ. ಮೇಲೆ ಬರೆದ ಪಹಣಿಯ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ನಾನು ಬೇಡ ಎನ್ನುವುದು ಘೋರ ಅಪರಾಧದಲ್ಲಿ ದೋಷಿ ಎಂದು ತೀರ್ಪಾದವರಿಗೆ, ಆ ತೀರ್ಪು ನಿಂತಿರುವ ತನಕ.

ಇದಕ್ಕೆ ಅಳತೆಗೋಲು ನಮ್ಮ ಕಾನೂನಿನಲ್ಲೇ ಇದೆ. 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದ ಶಾಸಕರ ಸ್ಥಾನ ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಗಂಗಾವತಿಯ ಶಾಸಕ ಜಿ. ಜನಾರ್ದನ ರೆಡ್ಡಿ ಅವರಿಗೆ ಹೈದರಾಬಾದಿನ ಸಿಬಿಐ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಾಗ ಅವರ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ತಡೆ ಕೊಟ್ಟ ಮೇಲೆ ವಾಪಸ್ ಬಂತು. ಸ್ಥಾನ ಉಳಿಯಬೇಕಾದರೆ ಬರೀ ಜಾಮೀನು ಸಾಲದು, ದೋಷಿ ಎಂಬ ತೀರ್ಪಿಗೇ ತಡೆ ಬೇಕು. ಗಂಗಾವತಿಯ ಶಾಸಕರಿಗೆ ಇರುವ ಈ ನಿಯಮವನ್ನೇ ಅದೇ ತಾಲ್ಲೂಕಿನ ಮರಕುಂಬಿಯ ದೋಷಿಗಳಿಗೂ ತನ್ನಿ. ತೀರ್ಪಿಗೆ ತಡೆ ಸಿಕ್ಕ ದಿನ ಅವರೂ ಬಂದು ಸಾಲಿನಲ್ಲಿ ನಿಲ್ಲಲಿ. ಅಲ್ಲಿಯ ತನಕ ಮತದಾರರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಂದು ಗುರುತು ಇರಲಿ.