ದಿನಕ್ಕೆ ಹದಿನೇಳೇ ಗಂಟೆ!

2015ರಲ್ಲಿ ಬ್ಯಾಂಕಿನವರಿಗೆ ಎರಡು ಉಪಕಾರಗಳಾದವು. ಜೂನ್‌ನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ (ಕಂಪನಿಗಳ ಕೊಡುಕೊಳ್ಳುವ ವ್ಯವಹಾರ ಕುದುರಿಸುವ ಬ್ಯಾಂಕ್) ತನ್ನ ಬೇಸಿಗೆ ಇಂಟರ್ನ್‌ಗಳಿಗೆ ಒಂದು ನಿಯಮ ತಂದಿತು: ರಾತ್ರಿ ಹನ್ನೆರಡರೊಳಗೆ ಆಫೀಸು ಬಿಡಬೇಕು, ಬೆಳಗ್ಗೆ ಏಳಕ್ಕೆ ಮುಂಚೆ ಕಾಲಿಡಬಾರದು. ಅಂದರೆ ದಿನಕ್ಕೆ ಬರೀ 17 ಗಂಟೆ! ಸೆಪ್ಟೆಂಬರ್‌ನಲ್ಲಿ ನಮ್ಮ ಮಾಮೂಲಿ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಸಿಕ್ಕಿತು.

ಉಡುಪಿಯಲ್ಲಿರುವ ನಮ್ಮ ಅತ್ತಿಗೆಗೆ ಎರಡನೇ ಉಪಕಾರ ಮಾತ್ರ ಗೊತ್ತು. ಮಗನಿಗೆ ಮುಂಬೈನ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಾಗ ಫೋನ್ ಮಾಡಿ, "ಎರಡನೇ ಶನಿವಾರ ಅವನನ್ನ ಸಿದ್ಧಿವಿನಾಯಕನ ಗುಡಿಗೆ ಕರ್ಕೊಂಡು ಹೋಗು ಮಾರಾಯಾ" ಎಂದರು. ಅವರದೇನೂ ತಪ್ಪಿಲ್ಲ. ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಹುಟ್ಟಿದ ಊರಿನವರು. ಅವರು ಕಂಡ ಬ್ಯಾಂಕ್ ಅಂದರೆ ಮನೆ ಬಾಗಿಲಿಗೆ ಪಿಗ್ಮಿ ಕಟ್ಟಿಸಿಕೊಳ್ಳಲು ಬರುವುದು. ಕತ್ತಲಾಗುವಷ್ಟರಲ್ಲಿ ಆ ಪಿಗ್ಮಿಯವರೂ ಮನೆ ಸೇರಿರುತ್ತಿದ್ದರು.

ಹುಡುಗ ಮಾಟುಂಗಾದ ನಮ್ಮ ಮನೆಯಲ್ಲೇ ಉಳಿದ. ಉಳಿದ ಅನ್ನುವುದು ಮರ್ಯಾದೆಯ ಮಾತು. ಅವನ ಪೆಟ್ಟಿಗೆ ಉಳಿದಿತ್ತು. ಅವನು ಮುಂಬೈನ ದೊಡ್ಡ ದೊಡ್ಡ ಆಫೀಸುಗಳಿರುವ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಂದರೆ ಬಿಕೆಸಿಯಲ್ಲಿದ್ದ. ಅವನ ಕಟ್ಟಡದ ವಾಚ್‌ಮನ್‌ಗೆ ಪಾಳಿ ಇದೆ, ಹನ್ನೆರಡು ತಾಸು ಕಳೆದರೆ ಬಿಡುಗಡೆ. ಎಂಬಿಎ ಓದದೇ ಇದ್ದರೆ ಇಂಥ ಸುಖಗಳಿರುತ್ತವೆ.

ಅಷ್ಟು ಹೊತ್ತು ಅಲ್ಲಿ ಏನು ಕೆಲಸ? ಬೆಳಗ್ಗೆ ಏನೂ ಇಲ್ಲ. ನಿಜವಾಗಿಯೂ ಇಲ್ಲ. ಎಂಡಿ (ಮ್ಯಾನೇಜಿಂಗ್ ಡೈರೆಕ್ಟರ್), ವಿಪಿ (ವೈಸ್ ಪ್ರೆಸಿಡೆಂಟ್) ಮುಂತಾದ ದೊಡ್ಡವರು ಹಗಲೆಲ್ಲ ಕ್ಲೈಂಟ್ ಮೀಟಿಂಗ್‌ನಲ್ಲಿರುತ್ತಾರೆ. ಅವರು ಕಾರಿನಲ್ಲಿ ವಾಪಸು ಬರುತ್ತಾ ಪಿಚ್‌ಬುಕ್, ಅಂದರೆ ಕ್ಲೈಂಟ್‌ನ ಮುಂದಿಡುವ ಪುಸ್ತಕ, ತೆರೆದು ನೋಡುತ್ತಾರೆ. ಸಂಜೆ ಏಳರ ಹೊತ್ತಿಗೆ ಎಂಡಿ ವಿಪಿಗೆ, ವಿಪಿ ಅಸೋಸಿಯೇಟ್‌ಗೆ, ಅಸೋಸಿಯೇಟ್ ಅನಲಿಸ್ಟ್‌ಗೆ ಮೇಲ್ ದಾಟಿಸುತ್ತಾರೆ. ಪ್ರತಿಯೊಬ್ಬರೂ ಸೇರಿಸುವುದು ಎರಡೇ ಪದ, "ಪ್ಲೀಸ್ ಫಿಕ್ಸ್". ಅನಲಿಸ್ಟ್‌ನ ಕೆಳಗೆ ಇಂಟರ್ನ್. ಇಂಟರ್ನ್‌ನ ಕೆಳಗೆ ನೆಲ. ಅಲ್ಲಿಗೆ ಮೇಲ್ ನಿಲ್ಲುತ್ತದೆ, ಕೆಲಸ ಶುರುವಾಗುತ್ತದೆ.

ಹಾಗಾದರೆ ಸಂಜೆ ಆರಕ್ಕೇ ಹೋದರೆ ಆಗಲ್ವಾ ಎಂದು ಕೇಳಿದೆ. "ಬೆಳಗ್ಗೆ ಸೀಟಲ್ಲಿ ಕಾಣದಿದ್ರೆ ಡೆಡಿಕೇಷನ್ ಇಲ್ಲ ಅಂತಾರೆ ಚಿಕ್ಕಪ್ಪ" ಎಂದ. ಹೀಗೆ ಹಗಲು ಡೆಡಿಕೇಷನ್, ರಾತ್ರಿ ಕೆಲಸ.

ಫಿಕ್ಸ್ ಮಾಡಬೇಕಾದದ್ದೂ ಸಣ್ಣದಲ್ಲ. ನಲವತ್ತನೇ ಪುಟದಲ್ಲಿ ಹತ್ತು ಕಂಪನಿಗಳ ಲೋಗೊ ಇವೆ, ಅದರಲ್ಲಿ ಒಂದು ಕೂದಲೆಳೆಯಷ್ಟು ಕೆಳಗಿದೆ. ಅದನ್ನು ಮೇಲೆತ್ತಬೇಕು. ಎತ್ತಿದರೆ ಪಕ್ಕದ್ದು ಕೆಳಗಿದ್ದ ಹಾಗೆ ಕಾಣುತ್ತದೆ. ಕಂಪ್ಸ್ ಎಂಬ ಪಟ್ಟಿ ಬೇರೆ. ಇದೇ ಥರದ ಬೇರೆ ಕಂಪನಿಗಳನ್ನು ಮಾರುಕಟ್ಟೆ ಎಷ್ಟಕ್ಕೆ ತೂಗುತ್ತಿದೆ ಎಂದು ನೋಡಿ, ನಮ್ಮ ಕ್ಲೈಂಟ್‌ನ ಬೆಲೆ ಹೇಳುವ ವಿದ್ಯೆ ಅದು. ಬೆಲೆ ಸಾಲದೇ ಬಂದರೆ ಕ್ಲೈಂಟ್‌ಗೆ ಬೇಜಾರು. ಆಗ "ಇದೇ ಥರದ" ಕಂಪನಿಗಳನ್ನು ಬದಲಾಯಿಸುತ್ತಾರೆ. ನಂಟರನ್ನು ಆರಿಸಿಕೊಳ್ಳುವ ಭಾಗ್ಯ ನಮಗಿಲ್ಲ, ಅವರಿಗಿದೆ.

ಅಷ್ಟಾದರೂ ಲಾಭ ಕಾಣದಿದ್ದರೆ 'ಅಡ್ಜಸ್ಟೆಡ್ ಎಬಿಟ್‌ಡಾ' ಇದೆ. ಬಡ್ಡಿ, ತೆರಿಗೆ, ಸವಕಳಿ ಕಳೆಯುವುದಕ್ಕೆ ಮುಂಚಿನ ಲಾಭ ಎಬಿಟ್‌ಡಾ. ಅಡ್ಜಸ್ಟ್ ಮಾಡಿದರೆ ಇನ್ನಷ್ಟು ಖರ್ಚು ಮಾಯ. ನಮ್ಮ ಮಾಟುಂಗಾದ ಹೋಟೆಲ್ ಮಾಲೀಕರೊಬ್ಬರು, "ಅಕ್ಕಿ, ಉದ್ದು, ಗ್ಯಾಸು, ಭಟ್ಟರ ಸಂಬಳ ಬಿಟ್ಟು ನೋಡಿದ್ರೆ ದೋಸೆಯಲ್ಲಿ ಭಾರೀ ಲಾಭ ಉಂಟು" ಅಂದರೆ ಹೇಗೋ ಹಾಗೆ. ನಗಬೇಡಿ. 2018ರಲ್ಲಿ ಸಾಲಪತ್ರ ಮಾರಲು ಹೊರಟ ವೀವರ್ಕ್ ಎಂಬ, ಆಫೀಸು ಜಾಗ ಬಾಡಿಗೆಗೆ ಕೊಡುವ ಅಮೆರಿಕದ ಕಂಪನಿ 'ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್‌ಡಾ' ಎಂದು ಮಾರ್ಕೆಟಿಂಗ್, ಆಡಳಿತದ ಖರ್ಚನ್ನೂ ಬದಿಗಿಟ್ಟಿತ್ತು. ಮರುವರ್ಷ ಐಪಿಒ ಕೈಬಿಟ್ಟಿತು, 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ದಿವಾಳಿಯನ್ನು ಅಡ್ಜಸ್ಟ್ ಮಾಡುವ ವಿದ್ಯೆ ಇನ್ನೂ ಬಂದಿಲ್ಲ.

ಇಷ್ಟೆಲ್ಲ ತಿದ್ದಿದ ಎಂಬತ್ತು ಪುಟದ ಪುಸ್ತಕವನ್ನು ಕ್ಲೈಂಟ್ ಮುಂದಿಟ್ಟರು. ಅವರು ಮೂರನೇ ಪುಟದಲ್ಲಿ ತಮ್ಮ ಕಂಪನಿಯ ಬೆಲೆ ನೋಡಿದರು, ಮುಚ್ಚಿದರು, ಊಟಕ್ಕೆ ಎದ್ದರು. ನಲವತ್ತನೇ ಪುಟದ ಲೋಗೊ ಈಗಲೂ ನೆಟ್ಟಗೆ ನಿಂತಿದೆಯಂತೆ.

ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ಸಿಟ್ಟಾಯಿತು. ಬಿಕೆಸಿಯಲ್ಲಿ ಅದನ್ನು ಪಾರ್ಟ್‌ಟೈಮ್ ಕೆಲಸದ ಜಾಹೀರಾತು ಅಂದುಕೊಂಡಿರಬೇಕು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆ ಮಿತಿ ಇತ್ತು. ಆದರೆ ಅದು ಬಾಯ್ಲರ್ ಮುಂದೆ ನಿಲ್ಲುವವರಿಗೆ. ಎಕ್ಸೆಲ್ ಮುಂದೆ ಕೂರುವವರಿಗೆ ಏಸಿ ಇದೆ, ಕಾಯ್ದೆ ಯಾಕೆ? 2024ರಲ್ಲಿ ಜೆಪಿ ಮಾರ್ಗನ್ ಕಿರಿಯರಿಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಡೀಲ್ ನಡೆಯುತ್ತಿದ್ದರೆ ವಿನಾಯಿತಿ ಉಂಟು. ಡೀಲ್ ಮಾಡಿಸುವುದೇ ಕಸುಬಾದ ಬ್ಯಾಂಕಿನಲ್ಲಿ!

ಹುಡುಗನ ಬಗ್ಗೆಯೂ ಒಂದು ಮಾತು. ಅವನು ಗೊಣಗುತ್ತಿದ್ದ, ಬಿಡಲಿಲ್ಲ. ಒಂಬತ್ತರ ನಂತರ ಕಂಪನಿ ಖರ್ಚಲ್ಲಿ ಊಟ, ಅದಕ್ಕೂ ತಡವಾದರೆ ಟ್ಯಾಕ್ಸಿ. ಎಂಟಕ್ಕೆ ಕೆಲಸ ಮುಗಿದ ದಿನವೂ ಪನೀರ್‌ಗಾಗಿ ಒಂಬತ್ತರವರೆಗೆ, ಟ್ಯಾಕ್ಸಿಗಾಗಿ ಹನ್ನೊಂದರವರೆಗೆ ಕೂತಿರುತ್ತಿದ್ದ. ನಮ್ಮನೆಯಲ್ಲಿ ಸಾರು ತಣ್ಣಗಾಗುತ್ತಿತ್ತು. ನಮ್ಮ ಬಿಲ್ಡಿಂಗ್‌ನಲ್ಲಿ ಮಾತ್ರ ಅವನ ಮರ್ಯಾದೆ ಏರುತ್ತಲೇ ಹೋಯಿತು. ಕಣ್ಣ ಕೆಳಗೆ ಕಪ್ಪಾದಷ್ಟೂ, "ದೊಡ್ಡ ಕಂಪನಿ ಇರ್ಬೇಕು" ಎಂದರು ಮೇಲಿನ ಮನೆ ಶೆಟ್ಟರು. ಮಗಳನ್ನೂ ಅಲ್ಲಿಗೇ ಸೇರಿಸುವುದು ಹೇಗೆ ಎಂದು ವಿಚಾರಿಸಿದರು.

ಕೊನೆಗೆ ಪಿಪಿಒ ಬಂತು. ಓದು ಮುಗಿದ ಮೇಲೆ ಅಲ್ಲೇ ನೌಕರಿ. ಪತ್ರವನ್ನು ಅತ್ತಿಗೆಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ. ಅವರು ಸಂಬಳ ನೋಡಲಿಲ್ಲ, ನೇರ ಕೆಲಸದ ವೇಳೆ ನೋಡಿದರು. ಬೆಳಗ್ಗೆ 9.30ರಿಂದ ಸಂಜೆ 6.30 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅತ್ತಿಗೆ ತಕ್ಷಣ ಫೋನ್ ಮಾಡಿದರು: "ಏಳೂವರೆಗೆ ಮನೆಗೆ ಬರ್ತಾನಲ್ಲ, ಇನ್ನು ಹುಡುಗಿ ನೋಡ್ಬಹುದು."